ಅವ್ವ ಪಿನ್ನು ಕಿತ್ತ ಖಂಡೇನವಮಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಂಡುಬಿಡುತ್ತೇನೆ. ಆದರೆ ಈ ಸಲದ ಖಂಡೇನವಮಿಯ, ಅಂದರೆ ಆಯುಧಪೂಜೆಯ ದಿನ ಎಂಥವನಿಗೂ ಸಿಟ್ಟು ಬರುತ್ತಿತ್ತು.

ಪುಣೆಯ ಕಾತ್ರಜದ ನಮ್ಮ ಮನೆಯಲ್ಲಿ, ಅಡುಗೆಮನೆಯ ಅಟ್ಟದ ಮೇಲೆ ಮೂರು ಹಳೆಯ ಕಂಪ್ಯೂಟರುಗಳಿವೆ. ಆಫೀಸಿನವರು ಎಸೆಯಲು ಹೊರಟಿದ್ದನ್ನು ತಂದು ಸರ್ವರ್ ಮಾಡಿಕೊಂಡಿದ್ದೇನೆ. ಮನೆಯ ಫೋಟೋ, ಹಾಡು, ಕಾಗದಪತ್ರ ಎಲ್ಲ ಅವುಗಳಲ್ಲೇ. ಯಾವ ಯಂತ್ರ ಏನು ಮಾಡಬೇಕು, ಯಾವುದರ ಪ್ರತಿ ಎಲ್ಲಿಗೆ ಹೋಗಬೇಕು, ಪ್ರತಿಯೊಂದನ್ನೂ ಕೋಡಿನಲ್ಲಿ ಬರೆದಿಟ್ಟಿದ್ದೇನೆ. ಯಾವುದಾದರೂ ಕೆಟ್ಟರೆ ಒಂದು ಕಮಾಂಡ್ ಕೊಟ್ಟರೆ ಸಾಕು, ಮೊದಲಿದ್ದಂತೆ ಎದ್ದು ನಿಲ್ಲುತ್ತದೆ. ಕೈಯಿಂದ ಏನನ್ನೂ ಮಾಡಬಾರದು ಎಂಬುದು ನನ್ನ ನಿಯಮ.

"ಅದಕ್ಕ ಕುಡದ ಚಾದ ಕಪ್ಪೂ ಎತ್ತೂದಿಲ್ಲ ನೋಡ್ರಿ," ಎನ್ನುತ್ತಾಳೆ ಹೆಂಡತಿ ಮಾಧುರಿ.

ಆ ದಿನ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮೂರೂ ಯಂತ್ರಗಳು ದೇವರ ಜಗಲಿಯ ಮುಂದೆ ಕೂತಿದ್ದವು. ನನ್ನವ್ವ ಶಿವಬಸವ್ವ ಅವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ವಿಭೂತಿ ಹಚ್ಚಿ, ಚೆಂಡುಹೂ ಏರಿಸಿದ್ದಳು. ಪಕ್ಕದಲ್ಲಿ ಈಳಿಗೆ, ಕತ್ತರಿ, ನನ್ನ ಸ್ಕ್ರೂಡ್ರೈವರ್.

"ಯವ್ವಾ! ಚಾಲೂ ಇದ್ದಾಗನ ಕರೆಂಟಿನ ಪಿನ್ನು ಕಿತ್ತಿಯೇನ? ತಲಿ ಅದನೋ ಇಲ್ಲೋ ನಿನಗ?"

ಅವ್ವ ಹೆದರಿದಳು. ಮೂರು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆದಾಗಿನಿಂದ ಅವಳಿಗೆ ದನಿಯಿಲ್ಲ, ಬರೀ ಪಿಸುಮಾತು. "ವರ್ಷಾ ಪೂರ್ತಿ ದುಡಿತಾವಪಾ. ಇವತ್ತೊಂದಿನ ಕುಂಡ್ರಲಿ ಅಂತ..."

ಮತ್ತೆ ಚಾಲೂ ಮಾಡಿದರೆ ಒಂದರ ಹಾರ್ಡ್ ಡಿಸ್ಕ್ ಕಟಕಟ ಎಂದು ಸುಮ್ಮನಾಯಿತು. ಹೊಸದು ತಂದು ಹಾಕಿ ಕಮಾಂಡ್ ಕೊಟ್ಟೆ. ಇಪ್ಪತ್ತು ನಿಮಿಷದಲ್ಲಿ ಎಲ್ಲವೂ ವಾಪಸು! "ನೋಡಿದಿ?" ಎಂದು ಮಾಧುರಿಯೆದುರು ಜಂಬ ಕೊಚ್ಚಿದೆ. ಆಮೇಲೆ 'ಅವ್ವನ ಪದ' ಎಂಬ ಫೋಲ್ಡರ್ ಹುಡುಕಿದೆ. ಇರಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ಆಸ್ಪತ್ರೆಯ ಮಂಚದ ಮೇಲೆ ಕೂತು ಅವ್ವ ಹಾಡಿದ್ದ ಇಪ್ಪತ್ತೆರಡು ಬೀಸುಕಲ್ಲಿನ ಪದಗಳು. ಅವಳ ದನಿ ಉಳಿದದ್ದು ಅಲ್ಲಿ ಮಾತ್ರ. ಫೋನಿನಲ್ಲಿ ರೆಕಾರ್ಡ್ ಮಾಡಿ, ಗಡಿಬಿಡಿಯಲ್ಲಿ ಕೈಯಾರೆ ಆ ಡಿಸ್ಕಿಗೆ ಹಾಕಿದ್ದೆ. ನಾಳೆ ಕೋಡಿಗೆ ಸೇರಿಸಿದರಾಯಿತು ಎಂದುಕೊಂಡಿದ್ದೆ, ಆ ನಾಳೆ ಬರಲೇ ಇಲ್ಲ. ಆ ಫೋನೂ ಈಗಿಲ್ಲ. ರಿಪೇರಿಯವನು ಡಿಸ್ಕನ್ನು ಎರಡು ದಿನ ಇಟ್ಟುಕೊಂಡು, ಆಗುವುದಿಲ್ಲ ಎಂದು ಕೈಚೆಲ್ಲಿದ.

ಸುದ್ದಿ ತಿಳಿದ ಅವ್ವ ಬಾಗಿಲಲ್ಲಿ ನಿಂತು ಕೇಳಿದಳು: "ನನ್ನ ಕೈಲೇ ಹೋತೇನೋ, ಪ್ರಕಾಶಾ?"

ಹೌದು ಎಂದಿದ್ದರೆ ನಂಬಿಬಿಡುತ್ತಿದ್ದಳು. ನನ್ನ ಜಂಬವೂ ಉಳಿಯುತ್ತಿತ್ತು.

"ಇಲ್ಲಬೇ. ಆ ಡಿಸ್ಕ್ ಇವತ್ತಿಲ್ಲ ನಾಳೆ ಹೋಗೂದ. ಇನ್ನೊಂದು ಪ್ರತಿ ಇಡೂದು ನನ್ನ ಕೆಲಸಾಗಿತ್ತು. ಮೂರು ವರ್ಷ ಮಾಡಲಿಲ್ಲ. ನಿನ್ನ ದನಿ ಕಳದಾಂವ ನಾನು, ಮ್ಯಾಲ ನಿನಗ ಬೈದೆ." ಅತ್ತುಬಿಟ್ಟೆ.

ಅವ್ವ ಪಕ್ಕದಲ್ಲಿ ಬಂದು ಕೂತಳು. "ದನಿ ಹೋತು. ಪದಾ ಎಲ್ಲಿ ಹೋಗ್ಯಾವು? ನಾ ಹೇಳ್ತೀನಿ, ನೀ ಹಾಡು."

"ನಾನಾ? ಓಣ್ಯಾಗಿನ ನಾಯಿ ಓಡಿಹೋಗ್ತಾವ ಯವ್ವಾ!"

"ಓಡ್ಲಿ."

'ಅವ್ವನ ಪದ'ದ ಪ್ರತಿ ಮೂರೂ ಯಂತ್ರಗಳಿಗೆ ಹೋಗಬೇಕು ಎಂಬ ಸಾಲನ್ನು ಮೊದಲು ಕೋಡಿನಲ್ಲಿ ಬರೆದೆ. ಆಮೇಲೆ ರೆಕಾರ್ಡಿಂಗ್ ಚಾಲೂ ಮಾಡಿ ಒಂದು ಪದ ಹಾಡಿದೆ. ಅವ್ವ ತೊಡೆ ತಟ್ಟಿ ತಾಳ ಹಾಕಿದಳು, ತಪ್ಪಿದಲ್ಲೆಲ್ಲ ಕಿವಿ ಹಿಂಡಿದಳು.

ಈಗ ಮೂರೂ ಯಂತ್ರಗಳಲ್ಲಿ ಆ ಪದವಿದೆ. ನನ್ನ ಒಡಕು ಗಂಟಲು, ನಡುವೆ ಒಂದು ಕಡೆ ತಡೆಯಲಾರದೆ ನಕ್ಕ ಅವ್ವನ ಉಸಿರು. ದಿನಾ ಅದನ್ನು ಹಚ್ಚಿಸಿಕೊಂಡು ಕೇಳುತ್ತಾಳೆ. ತನ್ನ ನಗು ಬಂದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿಗೊಡುತ್ತಾಳೆ.