ಕರ್ಪೂರವಿಲ್ಲದ ಮಾತು

ತಿಪ್ಪಕ್ಕನಿಗೆ ಪಕ್ಕದ ಮನೆಯ ಕದಿರಮ್ಮನನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಇಬ್ಬರ ಕುರಿಹಟ್ಟಿಗೂ ನಡುವೆ ಒಂದೇ ಮುಳ್ಳುಬೇಲಿ. ಗಂಡ ಸತ್ತ ಮೇಲೆ ಕದಿರಮ್ಮ ಭಾನುವಾರಕ್ಕೊಮ್ಮೆ ರಾಯದುರ್ಗದ ಚರ್ಚಿಗೆ ಹೋಗತೊಡಗಿದ್ದಳು. ಹೆಸರು ಬದಲಿಸಲಿಲ್ಲ, ಯಾರನ್ನೂ ಬಾ ಎಂದು ಕರೆಯಲಿಲ್ಲ. ಬೈದರೆ ತಿರುಗಿ ಬೈಯುತ್ತಲೂ ಇರಲಿಲ್ಲ. ತಿಪ್ಪಕ್ಕನಿಗೆ ಸಹಿಸಲಾಗದಿದ್ದುದು ಇದೇ. ಒಂದೇ ಕೈಯಲ್ಲಿ ಚಪ್ಪಾಳೆ ಹೊಡೆಯಲು ಹೋಗಿ ಅವಳು ಸೋತಿದ್ದಳು.

ಈ ಸಲ ಬೈಯಲು ಕಾರಣವೇ ಸಿಕ್ಕಿತು. ಮೊಮ್ಮಗನಿಗೆ ಜ್ವರ ಏರಿದಾಗ ಮಾರೆಮ್ಮನಿಗೆಂದು ಬಿಟ್ಟಿದ್ದ ಹರಕೆಯ ಟಗರು, ಹಬ್ಬ ಹತ್ತಿರ ಬಂದಾಗ ಮಾಯವಾಯಿತು. ದೇವಿಯ ಟಗರನ್ನು ಕಳ್ಳನೂ ಮುಟ್ಟುವುದಿಲ್ಲ. ಮಾರೆಮ್ಮನ ಹೆದರಿಕೆ ಇಲ್ಲದವಳು ಊರಿಗೆಲ್ಲ ಒಬ್ಬಳೇ. ಟಗರು ಸಿಗದಿದ್ದರೆ ಅಮ್ಮನ ಸಿಟ್ಟು ಮಗುವಿನ ಮೇಲೆ ತಿರುಗೀತೆಂದು ತಿಪ್ಪಕ್ಕ ಅನ್ನ ನೀರು ಬಿಟ್ಟಳು.

ಊರ ಹಿರಿಯ ಯರ್ರಿಸ್ವಾಮಿ ಎಲ್ಲರನ್ನೂ ಗುಡಿಯ ಕಟ್ಟೆಗೆ ಕರೆಸಿದ. ಅಲ್ಲಿಯ ನ್ಯಾಯ ಸರಳ. ಮಾರೆಮ್ಮನ ಮುಂದೆ ಉರಿಯುವ ಕರ್ಪೂರವನ್ನು ಅಂಗೈಯಿಂದ ಬಡಿದು ಆರಿಸಿ ಆಣೆ ಮಾಡಬೇಕು. ಸುಳ್ಳಾಡಿದವರ ಮನೆಯ ದೀಪ ಆರುತ್ತದೆ, ಮಕ್ಕಳು ಉಳಿಯುವುದಿಲ್ಲ. ಕುರಿ ಕಾಯುವವರೆಲ್ಲ ಆರಿಸಿದರು. ತಿಪ್ಪಕ್ಕನ ಮಗ ರಂಗನಾಥನೂ ಆರಿಸಿದ. ಕದಿರಮ್ಮ ಮಾತ್ರ ಕೈ ಎತ್ತಲಿಲ್ಲ.

“ನಾ ಆಣಿ ಮಾಡಂಗಿಲ್ರಿ. ನಮ್ಮ ದೇವ್ರು ಬ್ಯಾಡಂದಾನ. ನಾ ತಗೊಂಡಿಲ್ಲ ಅಂದ್ರ ತಗೊಂಡಿಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದು ಕಟ್ಟೆಯೆಲ್ಲ ನಕ್ಕಿತು. ಇನ್ನು ಅವಳು ಊರ ನಲ್ಲಿ ಮುಟ್ಟಬಾರದು, ಅವಳ ಕುರಿಗಳು ಊರ ತೊಟ್ಟಿಗೆ ಬಾಯಿ ಹಾಕಬಾರದು ಎಂದು ತೀರ್ಮಾನವಾಯಿತು. ತಿಪ್ಪಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಕದಿರಮ್ಮ ದೂರದ ಬೋರಿನಿಂದ ನೀರು ಹೊತ್ತಳು. ಅದೇ ವಾರ ತಿಪ್ಪಕ್ಕನ ಕುರಿಯೊಂದು ಈದು ಸತ್ತಿತು, ಮರಿ ಉಳಿಯಿತು. ಮರುದಿನ ಬೆಳಿಗ್ಗೆ ಬೇಲಿಯ ಮೇಲಿಂದ ಮೇಕೆ ಹಾಲಿನ ಚೊಂಬು ಬಂತು. ಕಳ್ಳಿ ಪಾಪ ತೊಳೆದುಕೊಳ್ಳುತ್ತಿದ್ದಾಳೆಂದು ತಿಪ್ಪಕ್ಕ ಅದನ್ನು ನಾಯಿಗೆ ಸುರಿದಳು. ಮರುದಿನ ಮತ್ತೆ ಬಂತು, ಅದರ ಮರುದಿನವೂ ಬಂತು. ಆಮೇಲೆ ಸೊಸೆ ಮಂಜುಳ ಅತ್ತೆಗೆ ಕಾಣದಂತೆ ಇಸಿದುಕೊಂಡು ಮರಿಗೆ ಕುಡಿಸತೊಡಗಿದಳು. ಮರಿಗೆ ಜಾತಿ ಧರ್ಮದ ಗೊಡವೆ ಇರಲಿಲ್ಲ.

ಒಂದು ಬೆಳಿಗ್ಗೆ ಮಂಜುಳ ಖಾಲಿ ಚೊಂಬು ಹಿಡಿದು ಅತ್ತೆಯ ಮುಂದೆಯೇ ಬಂದು ನಿಂತಳು. ಟಗರನ್ನು ರಾಯದುರ್ಗದ ಸಂತೆಯಲ್ಲಿ ಮಾರಿದ್ದು ತನ್ನ ಗಂಡನೇ, ಅವನ ಹೊಸ ಫೋನು ಬಂದದ್ದು ಅದರಿಂದಲೇ ಎಂದಳು. ಇಷ್ಟು ದಿನ ಹೆದರಿ ಸುಮ್ಮನಿದ್ದೆ, ಆ ಹಾಲು ಇಸಿದುಕೊಳ್ಳುವಾಗ ಕದಿರಮ್ಮನ ಮುಖ ನೋಡಲು ಇನ್ನು ಆಗುವುದಿಲ್ಲ ಎಂದಳು.

ಮಗುವಿನ ತಲೆ ಮುಟ್ಟಿ ಹೇಳು ಎಂದು ತಿಪ್ಪಕ್ಕ ಅಬ್ಬರಿಸಿದಳು.

“ಮುಟ್ಟಂಗಿಲ್ಲ, ಅತ್ತಿ. ಖರೇ ಹೇಳಾಕ ಕೂಸಿನ ತಲಿ ಯಾಕ ಬೇಕು?”

ತಿಪ್ಪಕ್ಕ ಕೈ ಎತ್ತಿದಳು. ಅಷ್ಟರಲ್ಲಿ ರಂಗನಾಥ ಒಳಗಿನಿಂದ ಬಂದು, ಕರ್ಪೂರ ತಾ ಅವ್ವಾ, ಇನ್ನೊಮ್ಮೆ ಆರಿಸುತ್ತೇನೆ ಎಂದ. ನೊಣ ಹೊಡೆಯುವಷ್ಟು ಹಗುರಾಗಿ ಅಂದ. ತಿಪ್ಪಕ್ಕನ ಕೈ ಕೆಳಗಿಳಿಯಿತು. ಹೆತ್ತವಳಿಗೆ ಮಗನ ಮುಖ ಓದಲು ಬಾರದೇ? ಸ್ವಂತ ಮಗುವಿನ ಮೇಲೆ ಸುಳ್ಳು ಆಣೆ ಹಾಕಿದ್ದಾನೆಂದು ಅವಳಿಗೆ ತಿಳಿದುಹೋಯಿತು.

ನೇರ ಬೇಲಿಯ ಹತ್ತಿರ ಹೋದಳು. ಸಿಟ್ಟೆಲ್ಲ ಕದಿರಮ್ಮನ ಮೇಲೆಯೇ ಹರಿಯಿತು. ಮನೆಯೊಳಗೆ ಕಾಲಿಡದೆ ಸೊಸೆಯ ತಲೆ ಕೆಡಿಸಿದೆ, ತಾಯಿ ಮಗನಿಗೆ ಜಗಳ ಹಚ್ಚಿದೆ ಎಂದು ಬಾಯಿಗೆ ಬಂದಂತೆ ಬೈದಳು. ಕದಿರಮ್ಮ ಮೇಕೆಗೆ ಸೊಪ್ಪು ಹಾಕುತ್ತ ಕೇಳಿಸಿಕೊಂಡಳು.

“ಟಗರು ನನ್ ಮಗನೇ ಮಾರ್ಯಾನ,” ಎಂದಳು ಕೊನೆಗೆ ತಿಪ್ಪಕ್ಕ. “ಸಂಜಿಗೆ ಕಟ್ಟಿ ಮ್ಯಾಲ ಹೇಳ್ತೀನಿ. ಹಂಗಂತ ನಮ್ಮನಿ ಬಾಗ್ಲ ತುಳಿಬ್ಯಾಡ. ಹೇಳೇ ಹೇಳ್ತೀನಿ, ಮಾರೆಮ್ಮನ ಆ...”

“ಆಣಿ ಬ್ಯಾಡ, ತಿಪ್ಪಕ್ಕ. ನೀ ಹೇಳಿದಿ, ಸಾಕು.”

ಅತ್ತೆಯ ಮುಂದೆ, ಗಂಡನ ಮುಂದೆ, ಕಟ್ಟೆಯ ಮುಂದೆ ಆಣೆ ಮಾಡುತ್ತಲೇ ತಿಪ್ಪಕ್ಕ ಮುದುಕಿಯಾಗಿದ್ದಳು. ಅವಳ ಬರಿಯ ಮಾತನ್ನು ಇದುವರೆಗೆ ಒಬ್ಬರೂ ನಂಬಿರಲಿಲ್ಲ. ಮೊದಲು ನಂಬಿದವಳು ಇವಳೇ ಆಗಬೇಕಿತ್ತೇ ಎಂದು ಸಿಟ್ಟು ಇನ್ನಷ್ಟು ಉಕ್ಕಿತು. ಬೈಯಬೇಕೆಂದು ಬಾಯಿ ತೆರೆದಳು, ಅಳು ಬಂತು.