ಕುಂಭಾವತಿಯ ಮಂತ್ರಿಗೆ ಆಹೇರಿ

ದತ್ತಾತ್ರೇಯ ಮಾಸ್ತರರಿಗೆ ಬುದ್ಧಿಯೇನೂ ಕಡಿಮೆಯಿರಲಿಲ್ಲ; ಆದರೆ ಅದು ಬರೆಯುವ ಕೈಗಿಂತ ಒಂದು ದಿನ ತಡವಾಗಿ ಬರುತ್ತಿತ್ತು. ಬೀಳಗಿ ಸಾಲೆಯಲ್ಲಿ ಲೆಕ್ಕ ಕಲಿಸುತ್ತ, ಉಳಿದ ಹೊತ್ತಿನಲ್ಲಿ ನಾಟಕ ಬರೆಯುವ ಬಡಜೀವ ಅದು. ಈ ಸಲದ ನಾಟಕ ‘ಕುಂಭಾವತಿಯ ಮಂತ್ರಿ’. ಕುಂಭಾವತಿ ಯಾವ ನಕಾಶೆಯಲ್ಲೂ ಇಲ್ಲದ ದೇಶ. ಅಲ್ಲಿ ತಕ್ಕಡಿ ಹಿಡಿಯುವವನ ಮಗ ರುದ್ರಸೇನ ಸಂತೆಯಲ್ಲಿ ಮಾತು ಕಲಿಯುತ್ತಾನೆ, ಅರಮನೆಯಲ್ಲಿ ಬಾಗುವುದು ಕಲಿಯುತ್ತಾನೆ, ಅರಸ ಹೋದ ಮೇಲೆ ಜನರ ಮುಂದೆ ಅಳುವುದನ್ನೂ ಕಲಿತು ಮಂತ್ರಿಯಾಗುತ್ತಾನೆ.

ಇದು ಯಾರ ಕಥೆಯೆಂದು ಯಾರೂ ಕೇಳಬೇಕಾಗಿರಲಿಲ್ಲ. ಈಗ ಎಲ್ಲರ ಬಾಯಲ್ಲೂ ಸಾಹೇಬನಾಗಿರುವ ಗಿರಮಲ್ಲಪ್ಪನೂ ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ತೂಕ ಮಾಡುವವನ ಮಗ. ಸಂಸ್ಥಾನವಿದ್ದಾಗ ದರಬಾರಿನಲ್ಲಿ ಕೈಕಟ್ಟಿ ನಿಂತವನು, ಸಂಸ್ಥಾನ ಮುಂಬಯಿ ರಾಜ್ಯಕ್ಕೆ ಸೇರಿದ ಮರುದಿನವೇ ಖಾದಿ ಟೊಪ್ಪಿಗೆ ಹಾಕಿದ. ಆದರೂ ಮೊದಲ ಚುನಾವಣೆಗೆ ನಿಲ್ಲಬೇಕಾದವನು ಅವನಲ್ಲ, ಅವನ ಜೊತೆಗಾರ ಭೀಮಪ್ಪ. ಚುನಾವಣೆಯ ಮುಂಚಿನ ಮಳೆಗಾಲದಲ್ಲಿ ಇಬ್ಬರೂ ಅನಗವಾಡಿ ಹತ್ತಿರ ಹೊಳೆ ದಾಟಲು ಹೊರಟರು. ಹೊಳೆ ತುಂಬಿದೆ, ಬರಲೊಲ್ಲೆ ಎಂದು ಅಂಬಿಗ ಹಿಂದೆ ಸರಿದಾಗ ಹುಟ್ಟು ಹಿಡಿದವನು ಗಿರಮಲ್ಲಪ್ಪನೇ. ಹರಗೋಲು ಮಗುಚಿತು. ಅವನು ದಂಡೆ ಸೇರಿದ, ಭೀಮಪ್ಪ ಸೇರಲಿಲ್ಲ. ಹೆಣದ ಮುಂದೆ ಅವನು ಅತ್ತದ್ದನ್ನು ಕಂಡು ಊರಿಗೆ ಊರೇ ಅತ್ತಿತು. ಅಳುತ್ತಲೇ ಅವನಿಗೆ ಮತ ಹಾಕಿ ಮುಂಬಯಿ ಅಸೆಂಬ್ಲಿಗೆ ಕಳಿಸಿತು.

ಅನಗವಾಡಿಯ ಯಂಕವ್ವ ಮಾತ್ರ ಅಳಲಿಲ್ಲ. ಅವಳು ಬದನೆಕಾಯಿ ಮಾರುವ ಮುದುಕಿ. ಆ ದಿನ ಜಾಲಿಕಂಟಿಯ ಮರೆಯಲ್ಲಿ, ಹೊಳೆಯಲ್ಲಿ ತೇಲಿಬಂದ ಕಟ್ಟಿಗೆ ಆರಿಸುತ್ತಿದ್ದಳು. ದಂಡೆ ಹತ್ತಿದ ಗಿರಮಲ್ಲಪ್ಪ ಸೊಂಟಕ್ಕೆ ಬಿಗಿದಿದ್ದ ಶಲ್ಯವನ್ನು ನೀರಿಗೆ ಬೀಸಿದ. ಭೀಮಪ್ಪ ಅದರ ತುದಿ ಹಿಡಿದು ಅರ್ಧ ದಾರಿ ಬಂದ. ಆಗ ಗಿರಮಲ್ಲಪ್ಪ ಹಿಂದೆ ಮುಂದೆ ನೋಡಿ, ತನ್ನ ಕೈಯಲ್ಲಿದ್ದ ತುದಿಯನ್ನು ಬಿಟ್ಟುಬಿಟ್ಟ. ಎರಡು ವರ್ಷ ಅವಳು ಇದನ್ನು ಯಾರಿಗೂ ಹೇಳಲಿಲ್ಲ. ಕಡೆಗೊಂದು ದಿನ ಮಾಸ್ತರರ ಕಟ್ಟೆಯ ಮೇಲೆ ಬುಟ್ಟಿ ಇಳಿಸಿ ಹೇಳಿದಳು.

“ಹೊಟ್ಟ್ಯಾಗ ಇಟಗೊಂಡು ಸಾಕಾಗೇತ್ರಿ, ಮಾಸ್ತರ. ನಿಮ್ಮ ಕಿವ್ಯಾಗ ಇರ್ಲಿ. ಮತ್ತೊಂದ ಕಿವಿಗೆ ಬ್ಯಾಡ.”

“ದೇವರಾಣಿ, ಯಂಕವ್ವ. ಯಾರ ಮುಂದೂ ಬಾಯಿ ಬಿಡೂದಿಲ್ಲ,” ಎಂದರು ಮಾಸ್ತರರು.

ಬಾಯಿ ಬಿಡಲಿಲ್ಲ ಖರೆ, ಆದರೆ ಬರೆದರು. ಅಂಥ ದೃಶ್ಯ ಸಿಕ್ಕರೆ ಬಿಡುವ ನಾಟಕಕಾರ ಇನ್ನೂ ಹುಟ್ಟಿಲ್ಲ. ದೇಶ ಬೇರೆ, ಹೆಸರು ಬೇರೆ, ಶಲ್ಯದ ಬದಲು ಜರಿಯ ಉತ್ತರೀಯ. ಇನ್ನು ಯಾರ ಅಂಜಿಕೆ ಎಂದು ಅವರು ಎದೆ ಉಬ್ಬಿಸಿಕೊಂಡೇ ತಾಲೀಮು ಮಾಡಿಸಿದರು.

ಮುಖ್ಯ ಅತಿಥಿ ಗಿರಮಲ್ಲಪ್ಪ ಸಾಹೇಬರು ಸಂಜೆಗೆ ಬೆಳಗಾವಿಗೆ ಹೋಗಬೇಕೆಂದು ನಾಟಕವನ್ನು ಹಗಲೇ ಇಟ್ಟರು. ಬಿಸಿಲಲ್ಲಿ ಬಣ್ಣ ಕರಗುತ್ತಿತ್ತು. ಮುಂದಿನ ಕುರ್ಚಿಯಲ್ಲಿ ಕೂತ ಗಿರಮಲ್ಲಪ್ಪ, ಮಂತ್ರಿಯ ಪಾತ್ರದ ಸಾಬಣ್ಣ ಬಾಗಿದಾಗಲೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕ. ದೊಡ್ಡ ಮನಸ್ಸಿನ ಮನುಷ್ಯ ಎಂದು ಜನ ಮಾತಾಡಿಕೊಂಡರು. ಆಮೇಲೆ ಹೊಳೆಯ ದೃಶ್ಯ ಬಂತು. ಸಾಬಣ್ಣ ಹಿಂದೆ ಮುಂದೆ ನೋಡಿ ಉತ್ತರೀಯ ಬಿಟ್ಟ.

ಗಿರಮಲ್ಲಪ್ಪ ಸಿಟ್ಟಾಗಲಿಲ್ಲ. ಕುರ್ಚಿಯಲ್ಲೇ ಹೊರಳಿ, ಹಿಂದೆ ಕೂತ ಜನರನ್ನು ಸಾಲು ಸಾಲಾಗಿ ನೋಡತೊಡಗಿದ.

ಪರದೆಯ ಮರೆಯಲ್ಲಿದ್ದ ಮಾಸ್ತರರಿಗೆ ಆಗ ಬುದ್ಧಿ ಬಂತು. ಮಾಡಿದ್ದು ಆ ಮನುಷ್ಯನಿಗೆ ಮೊದಲೇ ಗೊತ್ತಿತ್ತು. ಕಂಡವರಿದ್ದಾರೆಂಬುದು ಗೊತ್ತಿರಲಿಲ್ಲ. ಅದನ್ನು ಈಗ ತಿಳಿಸಿಕೊಟ್ಟವರು ತಾವೇ. ಯಂಕವ್ವ ಹೆಂಗಸರ ಸಾಲಿನಲ್ಲೇ ಕೂತಿದ್ದಳು.

ನಮ್ಮ ಕಡೆ ನಾಟಕ ಮೆಚ್ಚಿದವರು ನಡುವೆಯೇ ರಂಗ ಹತ್ತಿ ಆಹೇರಿ ಮಾಡುತ್ತಾರೆ: ಬಟ್ಟೆಯೋ ರೊಕ್ಕವೋ ಕೊಟ್ಟು, ಯಾರಿಗೆಂದು ಕೂಗಿ ಹೇಳುತ್ತಾರೆ. ಯಾರಿಗೆಂದು ಕೂಗಿದರೋ ಅವರು ಬಂದು ತೆಗೆದುಕೊಳ್ಳಲೇಬೇಕು. ಒಲ್ಲೆ ಎನ್ನುವ ರೂಢಿಯಿಲ್ಲ. ಗಿರಮಲ್ಲಪ್ಪ ಒಂದು ಕೈಯಲ್ಲಿ ತಲೆಗೆ ಸುತ್ತುವ ಕೆಂಪು ರುಮಾಲು, ಇನ್ನೊಂದರಲ್ಲಿ ಇಳಕಲ್ಲ ಸೀರೆ ಹಿಡಿದು ರಂಗ ಹತ್ತಿದ. ನಟರಿಗೆಂದು ತರಿಸಿದ ಬಟ್ಟೆ ಅವು.

“ಈ ಆಹೇರಿ ನಟರಿಗಲ್ಲ,” ಎಂದ, ಸಭೆಯಲ್ಲಿ ಮಾತಾಡುವ ಅದೇ ಮೆತ್ತನೆಯ ದನಿಯಲ್ಲಿ. “ಈ ಹೊಳಿ ಕಥಿ ಯಾರ ಕಂಡ ಹೇಳ್ಯಾರೋ ಅವರಿಗೆ. ಗಂಡಸಾದ್ರ ರುಮಾಲ, ಹೆಂಗಸಾದ್ರ ಸೀರಿ. ಯಾವದ ಕೊಡ್ಲಿರಿ, ಮಾಸ್ತರ?”

ಜನ ಚಪ್ಪಾಳೆ ತಟ್ಟಿದರು. ಮಾಸ್ತರರು ಮುಂದೆ ಬಂದರು. ಜೀವಮಾನದಲ್ಲಿ ಇಷ್ಟು ಅಂಜಿದ್ದಿಲ್ಲ, ಇಷ್ಟು ಬೇಗ ಮಾತು ಹೊಳೆದದ್ದೂ ಇಲ್ಲ.

“ರುಮಾಲ ಕೊಡ್ರಿ. ಕಂಡಾಂವ ನಾನ.”

ಗಿರಮಲ್ಲಪ್ಪ ರುಮಾಲು ಮುಂದೆ ಚಾಚಿದ. ಅಷ್ಟರಲ್ಲಿ ಹೆಂಗಸರ ಸಾಲಿನಿಂದ ಯಂಕವ್ವ ಎದ್ದು, ಮೊಣಕಾಲು ಹಿಡಿದುಕೊಂಡು ರಂಗದ ಮುಂದೆ ಬಂದಳು.

“ಸುಳ್ಳ ಹೇಳಿ ನೀವ್ಯಾಕ ಸಾಯ್ತೀರಿ, ಮಾಸ್ತರ? ಸೀರಿ ಕೊಡೋ ಎಪ್ಪಾ, ನನಗ. ನೀ ಶಲ್ಯಾ ಬಿಟ್ಟದ್ದು, ಭೀಮಪ್ಪ ಮುಳಗಿದ್ದು, ಈ ಕಣ್ಣೀಲೆ ನೋಡೇನಿ.” ಜನರತ್ತ ತಿರುಗಿದಳು. “ಎಲ್ಲಾರೂ ಕೇಳಿದಿರಿಲ್ಲೋ?”

ಮಾಸ್ತರರ ಎದೆಯಲ್ಲಿ ಆಸೆ ಹುಟ್ಟಿತು. ಇಷ್ಟು ಜನರ ಮುಂದೆ ಹೇಳಿದ್ದಾಳೆ, ಇನ್ನು ಅವಳನ್ನು ಯಾರು ಮುಟ್ಟುತ್ತಾರೆ?

ಮೊದಲು ಎದ್ದವನು ಒಬ್ಬ ಅಡತಿ ವ್ಯಾಪಾರಿ. “ಎತ್ತಿಗೆ ನೀರ ಕುಡಿಸಬೇಕು,” ಎಂದು ಗೊಣಗಿ ಹೋದ. ಅವನಿಗೆ ಎತ್ತೇ ಇರಲಿಲ್ಲ. ಆಮೇಲೆ ಇನ್ನೊಬ್ಬ, ಆಮೇಲೆ ಹತ್ತು ಮಂದಿ. ಹೆಂಗಸರು ಮಕ್ಕಳ ರಟ್ಟೆ ಹಿಡಿದು ಎಳೆದೊಯ್ದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಸಾಬಣ್ಣ ಮೀಸೆ ಕಿತ್ತು ಹಿಂದಿನಿಂದ ಇಳಿದು ಹೋದ. ಭೀಮಪ್ಪನ ಸ್ವಂತ ತಮ್ಮನೂ ಚಪ್ಪಲಿ ಹುಡುಕಿಕೊಂಡು ಹೋದ. ಗಿರಮಲ್ಲಪ್ಪ ಅವಸರ ಮಾಡಲಿಲ್ಲ. ಬಯಲು ಬರಿದಾಗುವವರೆಗೆ ಕೈಮೇಲೆ ಸೀರೆ ಇಟ್ಟುಕೊಂಡೇ ನಿಂತಿದ್ದ.

“ಯಾರೂ ಕೇಳಿಲ್ಲ ನೋಡವ್ವಾ,” ಎಂದು ಸೀರೆಯನ್ನು ಅವಳ ಉಡಿಗೆ ಹಾಕಿದ. “ನಡಿ, ವಯಸ್ಸಾದಾಕಿ. ಜೀಪಿನ್ಯಾಗ ಊರಿಗೆ ಬಿಡತೇವಿ.” ಅವನ ಇಬ್ಬರು ಆಳುಗಳು ಆಗಲೇ ಅವಳ ಎರಡೂ ಬದಿಗೆ ಬಂದು ನಿಂತಿದ್ದರು.

ಮಾಸ್ತರರು ರಂಗದಿಂದ ಇಳಿದು ಮುದುಕಿಯ ಕೈ ಹಿಡಿದುಕೊಂಡರು.

“ಆಕಿ ಒಬ್ಬಾಕಿನ ಬರೂದಿಲ್ರಿ. ನಾನೂ ಬರ್ತೇನಿ.”

“ಬರ್ರಿ, ಮಾಸ್ತರ,” ಎಂದ ಗಿರಮಲ್ಲಪ್ಪ. “ಇಬ್ಬರಿಗೂ ಜಾಗಾ ಐತಿ.”