ಬೀದಿಬಾಗಿಲ ಕೋಣೆಯ ಬಾಡಿಗೆ

ಗಾಜಿನ ಕೆಳಗೆ ಕೆಂಪು ದೀಪ, ಸಜ್ಜೆಕಾಳಿನಷ್ಟು ಸಣ್ಣದು, ಅದರ ಮೇಲೆ ಬೆರಳಿಟ್ಟರೆ ನಾನು ಬದುಕಿದ್ದೇನೆಂದು ಸರ್ಕಾರಕ್ಕೆ ತಿಳಿಯುತ್ತದೆ, ಪ್ರತಿ ನವೆಂಬರಿಗೊಮ್ಮೆ ತಿಳಿಸಬೇಕು, ಇಲ್ಲದಿದ್ದರೆ ಪಿಂಚಣಿ ನಿಲ್ಲುತ್ತದೆ — ನನಗಿದು ಮೊದಲನೆಯ ನವೆಂಬರ್, ಕೊಪ್ಪಳದ ಈ ಆನ್‌ಲೈನ್ ಅಂಗಡಿಯಲ್ಲಿ ನನ್ನ ಮುಂದೆ ಜೋಹರಾಬಿ ಒಬ್ಬರೇ ಉಳಿದಿದ್ದಾರೆ, ಮುನಿರಾಬಾದಿನ ನಮ್ಮ ನೀರಾವರಿ ಕಚೇರಿಯಲ್ಲಿ ಜೀಪು ಓಡಿಸುತ್ತಿದ್ದ, ಈಗಿಲ್ಲದವನ ಹೆಂಡತಿ, ಬೆರಳನ್ನು ಸೆರಗಿಗೆ ಒರೆಸಿ ಒರೆಸಿ ಇಡುತ್ತಾರೆ, ಯಂತ್ರ ಒಲ್ಲೆನ್ನುತ್ತದೆ, ಅವರು ನನ್ನ ಕಡೆ ತಿರುಗಿ ನಗುತ್ತಾರೆ, ಸತ್ತವ್ರು ಯಾರೂ ಬಂದು ಸತ್ತೀನಂತ ಬರಕೊಡಂಗಿಲ್ಲ ಕಾಳಪ್ಪಣ್ಣ, ಬದುಕಿದ್ದವ್ರಿಗೇ ನೋಡ್ರಿ ಈ ಫಜೀತಿ, ನಾನೂ ನಕ್ಕೆ, ನಗಬಾರದಿತ್ತು. ಕೈಯಲ್ಲಿ ಕರೆಂಟ್ ಬಿಲ್ಲು, ಅದರ ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದ ಸಾಲುಗಳು, ಪಿಂಚಣಿ ಇಪ್ಪತ್ಮೂರು ಸಾವಿರ, ನಿವೃತ್ತಿಯ ದುಡ್ಡಿನಲ್ಲಿ ಒಂಬತ್ತು ಲಕ್ಷ ಅಂಚೆ ಕಚೇರಿಯಲ್ಲಿಟ್ಟದ್ದಕ್ಕೆ ತಿಂಗಳ ಬಡ್ಡಿ ಐದೂವರೆ, ಭಾಗ್ಯನಗರದ ನಮ್ಮ ಮನೆಯ ಮೇಲಿನ ಕೋಣೆಯಿಂದ ಮೂರೂವರೆ, ಹೆಂಡತಿ ಸುಮಂಗಲಾಳ ತವರಿನವರು ವಿರೂಪಾಪುರಗಡ್ಡೆಯ ಭತ್ತದಲ್ಲಿ ಅವಳ ಪಾಲಿಗೆ ವರ್ಷಕ್ಕೊಮ್ಮೆ ಕೊಡುವುದನ್ನು ಹನ್ನೆರಡರಿಂದ ಭಾಗಿಸಿದರೆ ಒಂದೂವರೆ — ನಾಲ್ಕು ಕಡೆಯ ನೀರು ಒಂದೇ ಕಾಲುವೆಗೆ ಬಂದರೂ ಮಟ್ಟ ಏರುವುದಿಲ್ಲ, ಮೂವತ್ತು ವರ್ಷ ಕಾಲುವೆಯ ನೀರಿನ ಮಟ್ಟ ಬರೆದವನು ನಾನು, ತಿಂಗಳ ಖರ್ಚಿಗೆ ಐದು ಸಾವಿರ ಕಡಿಮೆ, ಹೇಗೆ ಕೂಡಿಸಿದರೂ ಐದು ಸಾವಿರ, ಗಂಗಾವತಿಯಲ್ಲಿ ನರ್ಸಿಂಗ್ ಓದುತ್ತಿರುವ ಮಗಳು ವಿಜಯಲಕ್ಷ್ಮಿಯದು ಇನ್ನೂ ಎರಡು ವರ್ಷ ಇದೆ, ಎರಡೇ ವರ್ಷ. ಐದನೆಯ ಸಾಲು ಸುಮಂಗಲಾ ಹೇಳಿ ಬರೆಸಿದ್ದು, ಬೀದಿಬಾಗಿಲ ಕೋಣೆ, ಐದು ಸಾವಿರ, ಗೋವಿಂದರಾಜ ಎಂಬವನು ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಡುತ್ತಾನಂತೆ, ಇವತ್ತು ಸಂಜೆ ಮುಂಗಡ ತರುತ್ತಾನೆ, ಆ ಕೋಣೆಯಲ್ಲಿ ಅವ್ವ ಇದ್ದಾಳೆ.

ಅತ್ತಿಯವರನ್ನ ಹಿತ್ತಲ ಪಡಸಾಲಿಗೆ ಹಾಕೋಣ್ರಿ, ಅಲ್ಲಿ ಗಾಳಿ ಛಲೋ ಬರತೈತಿ, ಅಂದಳು ಸುಮಂಗಲಾ, ನನ್ನನ್ನು ನೋಡದೆ, ಅಕ್ಕಿ ಆರಿಸುತ್ತ, ಅವಳನ್ನು ಏನೆನ್ನಲಿ, ಅವ್ವನಿಗೆ ದಿನಾ ನೀರೆರೆಯುವವಳು ಅವಳೇ, ತಲೆ ಬಾಚುವವಳೂ ಅವಳೇ, ಇನ್ನೆರಡು ವರ್ಷದ ನೌಕರಿ ನನ್ನ ಕೈಯಲ್ಲಿದ್ದಿದ್ದರೆ ಅವಳು ಹಾಗೆ ಕೇಳುತ್ತಲೇ ಇರಲಿಲ್ಲ. ಮೇ ಮೂವತ್ತೊಂದಕ್ಕೆ ಕಚೇರಿಯಲ್ಲಿ ಶಾಲು ಹೊದಿಸಿದರು, ಅರವತ್ತು ತುಂಬಿತೆಂದರು, ಕಾಗದದ ಮೇಲೆ ಜೂನ್ ಒಂದು, ಆಗಿನ ಮಾಸ್ತರರು ಊರಿನ ಮಕ್ಕಳೆಲ್ಲರನ್ನೂ ಜೂನ್ ಒಂದಕ್ಕೇ ಹುಟ್ಟಿಸುತ್ತಿದ್ದರು, ಅದು ಎಲ್ಲರ ಕಥೆ, ನನ್ನದು ಮಾತ್ರ ಬೇರೆ, ನನಗೆ ಐವತ್ತೆಂಟು, ಅರವತ್ತು ಕಾಳಪ್ಪನಿಗೆ — ನಮ್ಮಣ್ಣನಿಗೆ, ಯಲಬುರ್ಗಾ ಕಡೆಯ ನಮ್ಮ ಹಳ್ಳಿಯಲ್ಲಿ ಒಂದನೆಯ ಇಯತ್ತೆಗೆ ಹೆಸರು ಹಚ್ಚಿ ಎರಡು ತಿಂಗಳಿಗೆ ಜ್ವರ ಬಂದು ತೀರಿಹೋದವನು, ಆರು ವರ್ಷದವನು. ಸಾಲಿಯಲ್ಲಿ ಮಧ್ಯಾಹ್ನ ಉಪ್ಪಿಟ್ಟು ಕೊಡುತ್ತಿದ್ದರು, ಹಳದಿ ಉಪ್ಪಿಟ್ಟು, ಹಾಜರಿಯಲ್ಲಿ ಹೆಸರಿದ್ದವರಿಗಷ್ಟೇ, ಮಾಸ್ತರರು ಮನೆಬಾಗಿಲಿಗೆ ಬಂದು, ಹೆಸರು ಹೊಡದ್ರ ಒಂದು ಪಾಲು ಕಡಿಮಿ ಆಗತೈತಿ ಪಕ್ಕೀರವ್ವ, ಸಣ್ಣಾತನ್ನ ಕಳಸು, ಅಂದರಂತೆ, ದಯೆಯಿಂದಲೇ ಅಂದದ್ದು, ಆ ವರ್ಷ ಹೊಲದಲ್ಲಿ ಏನೂ ಇರಲಿಲ್ಲ. ನನಗೆ ನಾಲ್ಕು, ಹಟ್ಟಿಯಲ್ಲಿ ಹನುಮೇಶ ಅಂತ ಕರೆಯುತ್ತಿದ್ದರು, ಅವ್ವ ಅಣ್ಣನ ಅಂಗಿ ಹಾಕಿದಳು, ಮೊಣಕಾಲಿನವರೆಗೆ ಇಳಿದಿತ್ತು, ಇನ್ನ ಮ್ಯಾಲೆ ನೀ ಕಾಳಪ್ಪ, ಯಾರರ ಹನುಮೇಶ ಅಂದ್ರ ಓ ಅನಬ್ಯಾಡ, ಅಂದಳು, ಅವಳೂ ಕರೆಯಲಿಲ್ಲ, ಅಂದಿನಿಂದ ಒಂದು ಸಲವೂ, ಅಳಲೂ ಇಲ್ಲ, ಯಾರ ಹೆಸರು ಹಿಡಿದು ಅಳಬೇಕು, ಆ ಹೆಸರಿನವನು ಬಟ್ಟಲು ತುಂಬ ಉಪ್ಪಿಟ್ಟು ತರುತ್ತಿದ್ದನಲ್ಲ, ತಂದದ್ದರಲ್ಲಿ ಅರ್ಧ ಅವಳೂ ತಿನ್ನುತ್ತಿದ್ದಳು, ಗೋಡೆಯ ಕಡೆ ಮುಖ ಮಾಡಿ. ಮೊದಲ ದಿನ ಹಾಜರಿ, ಕಾಳಪ್ಪ, ಮಾಸ್ತರರು ಎರಡು ಸಲ ಕರೆದರು, ಆಮೇಲೆ, ಕೈ ಎತ್ತಲೇ, ನಾನು ಎತ್ತಿದೆ, ಮೇಲಕ್ಕೆ ಬಂದದ್ದು ಅಂಗಿಯ ತೋಳು ಮಾತ್ರ, ತುದಿ ಜೋತುಬಿದ್ದು, ಒಳಗೆ ಎಲ್ಲೋ ಕೈ, ಹುಡುಗರೆಲ್ಲ ನಕ್ಕರು.

ಆತು ನೋಡ್ರಿ, ತಗೊಂತು, ಅಂತಾರೆ ಜೋಹರಾಬಿ, ಹಸಿರು ದೀಪ, ಇನ್ನೊಂದ ವರ್ಷ ಜೀವಂತ ಇರ್ತೀನಿ, ಅಂದು ಎದ್ದರು, ಕುರ್ಚಿ ಖಾಲಿ, ಶಿವಲೀಲಾ ಎಂಬ ಹುಡುಗಿ ಕಂಪ್ಯೂಟರಿನಿಂದ ಕಣ್ಣೆತ್ತದೆ ಆಧಾರ್ ಕೊಡ್ರಿ ಅನ್ನುತ್ತಾಳೆ, ಕೊಟ್ಟೆ — ನಿನ್ನೆ ಸಂಜೆ ಅವ್ವನ ಹತ್ತಿರ ಕೂತು ಹೇಳಿದೆ, ಪಡಸಾಲಿಗೆ ಹೋಗೋಣವ್ವ, ಗಾಳಿ ಬರತೈತಿ, ಸುಮಂಗಲಾ ಅಂದದ್ದನ್ನೇ ಅಂದೆ, ಅವಳ ಕಣ್ಣು ಬೀದಿಬಾಗಿಲ ಮೇಲೆ, ಈಗೀಗ ಮೂರು ಹೊತ್ತೂ ಅಲ್ಲೇ, ಒಲ್ಲೆ ಅಂದಳು, ಕಾಳಪ್ಪ ಸಾಲಿಯಿಂದ ಬರೋ ಹೊತ್ತಾತು, ಬಾಗಿಲಾಗ ಯಾರೂ ಕಾಣಲಿಲ್ಲಂದ್ರ ಹೆದರತಾನ, ನಾನು ಅವಳ ಕೈ ಹಿಡಿದುಕೊಂಡೆ, ನಾನ ಕಾಳಪ್ಪ ಅವ್ವ, ಬಂದೀನಿ ನೋಡು, ಅವಳು ನೋಡಿದಳು, ಭಾಳ ಹೊತ್ತು ನೋಡಿದಳು, ಎಷ್ಟೋ ದಿನಗಳಿಂದ ಅಷ್ಟು ನೆಟ್ಟಗೆ ನೋಡಿರಲಿಲ್ಲ, ನೀ ಹನುಮೇಶ, ನೀ ಸಣ್ಣಾಂವ, ಅಂತ ಕೈ ಬಿಡಿಸಿಕೊಂಡು ಮತ್ತೆ ಬಾಗಿಲ ಕಡೆ ತಿರುಗಿದಳು. ಓ ಅನ್ನಬೇಕೆನಿಸಿತು, ಐವತ್ತನಾಲ್ಕು ವರ್ಷದ ಮೇಲೆ ಒಂದು ಸಲ, ಅನ್ನಬೇಡ ಅಂದವಳೂ ಅವಳೇ. ಐದನೆಯ ಸಾಲು ಪೆನ್ಸಿಲಿನದು, ಹೆಬ್ಬೆರಳಿನಿಂದ ತಿಕ್ಕಿದರೆ ಹೋಗುತ್ತದೆ, ತಿಕ್ಕಿದೆ, ಹೋಯಿತು, ಕಾಗದ ಕಪ್ಪಗಾಯಿತು, ವಿಜಯಲಕ್ಷ್ಮಿಯ ಎರಡು ವರ್ಷ ಮತ್ತೆ ತೆರೆದುಕೊಂಡಿತು, ಸಂಜೆ ಗೋವಿಂದರಾಜನಿಗೆ ಏನು ಹೇಳಲಿ, ಸುಮಂಗಲಾಳಿಗೆ ಏನು, ಅಲ್ಲಿ ಒಬ್ಬ ಹುಡುಗ ಬರುವವನಿದ್ದಾನೆ ಅನ್ನಲೇ, ಸಾಲಿಯಿಂದ, ಇನ್ನೂ ಬಂದಿಲ್ಲ — ಹೆಬ್ಬೆರಳಿಗೆ ಸೀಸದ ಮಸಿ, ಶಿವಲೀಲಾ ಮೊದಲ ಸಲ ಕಣ್ಣೆತ್ತುತ್ತಾಳೆ, ಕಾಳಪ್ಪ ಅಂದ್ರ ನೀವ ಹೌದಲ್ರಿ, ಬೆರಳಿಡ್ರಿ, ಕೆಂಪು ದೀಪ, ಮತ್ತೊಮ್ಮೆ ಕರೆಯುತ್ತಾಳೆ, ಕಾಳಪ್ಪ, ಎರಡು ಸಲ ಆಯಿತು, ಕೈ ಎತ್ತುತ್ತೇನೆ, ಮೇಲಕ್ಕೆ ಬಂದದ್ದು ಅಣ್ಣನ ಅಂಗಿಯ ತೋಳು, ತುದಿ ಜೋತುಬಿದ್ದಿದೆ, ಕೈ ಕಾಣುತ್ತಿಲ್ಲ, ಕೈ